ಕೈ ತೊಳೆಯುವ ಎರಡು ಬಗೆ



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ದೇವಾಲಯದ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು. ಮಗಳು ಪಿ.ಯು.ಸಿ. ಮುಗಿಸಿದ್ದಳು. ತಾಯಿಯ ಕೈಯಲ್ಲಿ ನರ್ಸಿಂಗ್ ಶಾಲೆಯ ಅರ್ಜಿ ಇತ್ತು.

"ಫಾದರ್, ಹುಡುಗಿ ನರ್ಸಿಂಗಿಗೇ ಹೋಗ್ತೀನಿ ಅಂತ ಹಟ ಹಿಡಿದಾಳೆ. ಆದ್ರೆ ಅವಳ ಮನಸ್ಸು ಬೆಣ್ಣೆ. ಆಕಳ ಕರು ಸತ್ರೆ ಎರಡು ದಿನ ಊಟ ಬಿಡ್ತಾಳೆ. ಯಾರಾದ್ರೂ ಅತ್ರೆ ತಾನೂ ಅಳ್ತಾಳೆ. ಇಂಥವಳಿಗೆ ಆ ಕೆಲಸ ಆಗುತ್ತಾ? ನೀವೇ ಒಂದು ಮಾತು ಹೇಳಿ."

ನಾನು ತಟ್ಟನೆ ಹೇಳಿಬಿಟ್ಟೆ: "ಪ್ರೀತಿ ಇದ್ದರೆ ಸಾಕಮ್ಮಾ, ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಕಳಿಸಿ."

ಆ ತಾಯಿ ಸಮಾಧಾನದಿಂದ ಹೊರಟುಹೋದರು. ಆದರೆ ನನ್ನ ಮಾತು ನನಗೇ ಸಮಾಧಾನ ಕೊಡಲಿಲ್ಲ. ಪ್ರೀತಿ ಇದ್ದರೆ ಸಾಕೇ? ನಾವು ಗುರುಗಳು ಪ್ರಬೋಧನೆಯಲ್ಲಿ ಈ ಮಾತನ್ನು ಬಹಳ ಸುಲಭವಾಗಿ ಹೇಳುತ್ತೇವೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಅದು ನಿಲ್ಲುತ್ತದೆಯೇ? ರೋಗಿಗಳ ಆರೈಕೆ ಮಾಡುವವರಲ್ಲಿ ಇರಬೇಕಾದ ಗುಣಗಳು ಯಾವುವು? ಕರುಣೆ ದೊಡ್ಡದೋ, ಕೌಶಲ ದೊಡ್ಡದೋ? ಈ ಪ್ರಶ್ನೆಯನ್ನು ಇಂದು ನಿಮ್ಮೊಡನೆ ಕುಳಿತು ಯೋಚಿಸಬೇಕೆಂದಿದ್ದೇನೆ. ಏಕೆಂದರೆ ನಮ್ಮ ಅನೇಕ ಕುಟುಂಬಗಳಲ್ಲಿ ಒಬ್ಬಳಾದರೂ ನರ್ಸ್ ಇದ್ದಾಳೆ. ಇಲ್ಲದಿದ್ದರೆ ನರ್ಸ್ ಒಬ್ಬಳ ಕೈಯಲ್ಲಿ ಬದುಕಿ ಉಳಿದವರಾದರೂ ಇದ್ದಾರೆ.

ಕರುಣೆ ಸಾಕೇ?

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ವೈದ್ಯರ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವ ತಾಯಂದಿರ ಸಂಖ್ಯೆ ಸೂಲಗಿತ್ತಿಯರ ವಿಭಾಗಕ್ಕಿಂತ ಎಷ್ಟೋ ಹೆಚ್ಚು. 1846ರಲ್ಲಿ ಅಲ್ಲಿ ನೂರಕ್ಕೆ 11ರಷ್ಟು ತಾಯಂದಿರು ತೀರಿಕೊಂಡರು. ಆ ವಿಭಾಗಕ್ಕೆ ಮಾತ್ರ ಸೇರಿಸಬೇಡಿ ಎಂದು ಬಡ ಬಸುರಿಯರು ಬೇಡಿಕೊಳ್ಳುತ್ತಿದ್ದರಂತೆ.

ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ಇದರ ಕಾರಣ ಹುಡುಕಿದ. ಆತನ ಸಹೋದ್ಯೋಗಿಯೊಬ್ಬ ಶವಪರೀಕ್ಷೆಯ ವೇಳೆ ಚಾಕು ತಾಗಿ ಗಾಯವಾಗಿ ಸತ್ತಾಗ ಅವನಲ್ಲಿ ಕಂಡ ಲಕ್ಷಣಗಳೂ ಬಾಣಂತಿ ಜ್ವರದ ಲಕ್ಷಣಗಳೂ ಒಂದೇ ಆಗಿದ್ದವು. ಆಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು: ಶವ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದಾರೆ, ಸಾವು ಅವರ ಕೈಯಲ್ಲೇ ಬರುತ್ತಿದೆ. 1847ರ ಮೇ ತಿಂಗಳಿನಿಂದ ಎಲ್ಲರೂ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದ. 1848ರಲ್ಲಿ ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು.

ಆ ವೈದ್ಯರು ಕ್ರೂರಿಗಳಾಗಿದ್ದರೇ? ಅಲ್ಲ. ಕಣ್ಣೆದುರು ತಾಯಂದಿರು ಸಾಯುವಾಗ ಅವರೂ ಮರುಗಿರಬೇಕು. ಕೊರತೆ ಇದ್ದದ್ದು ಅರಿವಿನಲ್ಲಿ. ಅರಿವು ಬಂದ ಮೇಲೆ ಬೇಕಾದದ್ದು ಇನ್ನೊಂದು ಗುಣ: ನಮ್ರತೆ. "ನನ್ನ ಕೈಯಿಂದಲೇ ಇವರು ಸತ್ತರು" ಎಂದು ಒಪ್ಪಿಕೊಳ್ಳುವ ನಮ್ರತೆ ಅನೇಕ ಹಿರಿಯ ವೈದ್ಯರಲ್ಲಿ ಇರಲಿಲ್ಲ. ಅವರು ಆ ಯುವಕನ ಮಾತನ್ನು ತಳ್ಳಿಹಾಕಿದರು. 1865ರಲ್ಲಿ ಆತ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ.

ಇದು ದೂರದ ಕತೆ ಎನ್ನಬೇಡಿ. ನಮ್ಮ ಜಗಳೂರಿನ ಕಡೆಗೆ ಬನ್ನಿ. ಮಳೆಯನ್ನು ನಂಬಿ ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ಒಣ ನೆಲ. ಕೂಲಿಯವನಿಗೆ ಜ್ವರ ಬಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಅರ್ಥ. ಅವನು ಹೋಗಿ ಕೇಳುವುದು ಒಂದೇ: "ಒಂದು ಸೂಜಿ ಹಾಕಿಬಿಡಿ, ನಾಳೆ ಕೆಲಸಕ್ಕೆ ಹೋಗಬೇಕು." ಸೂಜಿ ಬೇಡ, ಮಾತ್ರೆ ಸಾಕು ಎಂದವರು ಅವನ ಕಣ್ಣಿಗೆ ನಿರ್ದಯಿಗಳು. ಕೇಳಿದ್ದನ್ನು ಕೊಟ್ಟು, ಮೇಲೆ ಒಂದು ಗ್ಲೂಕೋಸ್ ಬಾಟಲಿಯನ್ನೂ ಏರಿಸಿ ಕಳಿಸಿದವರು ದೇವರಂಥವರು! ಆದರೆ ಬೇಡದ ಸ್ಟಿರಾಯ್ಡ್, ಬೇಡದ ಆಂಟಿಬಯಾಟಿಕ್ ಆ ದೇಹಕ್ಕೆ ಮುಂದೆ ಏನು ಮಾಡುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಕೊಟ್ಟವನಿಗೆ ಗೊತ್ತಿರಬೇಕಿತ್ತು.

"ಗೊತ್ತಿರಬೇಕಿತ್ತು" ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲೋಣ. ಸಂತ ತೋಮಸ್ ಅಕ್ವಿನಾಸರು ಅಜ್ಞಾನದಲ್ಲಿ ಎರಡು ಬಗೆಯನ್ನು ಗುರುತಿಸುತ್ತಾರೆ. ತಿಳಿಯಲು ಸಾಧ್ಯವೇ ಇಲ್ಲದ್ದನ್ನು ತಿಳಿಯದಿದ್ದರೆ ಅದು ತಪ್ಪಲ್ಲ. ಆದರೆ ತನ್ನ ಹೊಣೆಗೆ ತಕ್ಕಂತೆ ತಿಳಿಯಲೇಬೇಕಾದದ್ದನ್ನು ತಿಳಿಯದೆ ಉಳಿದರೆ ಅದು ದೋಷ. ರೈತನಿಗೆ ಔಷಧಿಯ ಪ್ರಮಾಣ ಗೊತ್ತಿಲ್ಲದಿದ್ದರೆ ಪಾಪವಲ್ಲ. ಔಷಧಿ ಕೊಡುವವನಿಗೆ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲದೆಯೂ ಕೊಟ್ಟರೆ, ಅವನ ಹೃದಯ ಎಷ್ಟೇ ಮೃದುವಾಗಿರಲಿ ಅದು ಅನ್ಯಾಯ. ಆದ್ದರಿಂದ ಆರೋಗ್ಯ ಸೇವೆಯಲ್ಲಿ ಓದುವುದು, ಕಲಿತದ್ದನ್ನು ಮತ್ತೆ ಮತ್ತೆ ನೆನಪಿಸಿಕೊಳ್ಳುವುದು, ಚೀಟಿಯಲ್ಲಿರುವ ಔಷಧಿಯ ಹೆಸರನ್ನು ಇನ್ನೊಮ್ಮೆ ನೋಡುವುದು, ಕೈ ತೊಳೆಯುವುದು, ಇವೆಲ್ಲ ಬರೀ ಕೆಲಸದ ನಿಯಮಗಳಲ್ಲ. ಇವು ನೈತಿಕ ಕರ್ತವ್ಯಗಳು. ಕೌಶಲವು ಪ್ರೀತಿಗೆ ಹೊರಗಿನಿಂದ ಸೇರಿಸುವ ಅಲಂಕಾರವಲ್ಲ. ರೋಗಿಯ ಪಾಲಿಗೆ ಪ್ರೀತಿ ಮೊದಲು ತೋರುವುದೇ ಕೌಶಲದ ರೂಪದಲ್ಲಿ.

ಪಿಲಾತನ ಕೈ

ಕೈ ತೊಳೆಯುವುದರಲ್ಲಿ ಇನ್ನೊಂದು ಬಗೆ ಇದೆ. ಅದು ನಿಮಗೆಲ್ಲ ಗೊತ್ತು. ಪಿಲಾತನೂ ಜನರ ಮುಂದೆ ನೀರು ತರಿಸಿ ಕೈ ತೊಳೆದುಕೊಂಡ. ಅದು ರೋಗ ಹರಡದಿರಲೆಂದು ತೊಳೆದದ್ದಲ್ಲ, ಹೊಣೆ ತನಗೆ ಅಂಟದಿರಲೆಂದು ತೊಳೆದದ್ದು.

ನಮ್ಮ ತಾಲ್ಲೂಕುಗಳ ಜನ ದೊಡ್ಡ ಕಾಯಿಲೆಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಡಬೇಕು. ಜಗಳೂರಿನವರಿಗೆ ದಾವಣಗೆರೆ, ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ. ಚನ್ನಗಿರಿ, ಹೊನ್ನಾಳಿಯವರು ಎರಡೂ ಕಡೆ ಹೋಗುತ್ತಾರೆ. ಜಗಳೂರಿನ ಒಳಹಳ್ಳಿಯಿಂದ ದಾವಣಗೆರೆ ಒಂದು ಗಂಟೆಗೂ ಮೀರಿದ ದಾರಿ. ಹೀಗಿರುವಾಗ "ಇಲ್ಲಿ ಆಗುವುದಿಲ್ಲ, ಮುಂದಕ್ಕೆ ಕರೆದುಕೊಂಡು ಹೋಗಿ" ಎಂಬ ಮಾತನ್ನು ಯಾವಾಗ, ಹೇಗೆ ಹೇಳಬೇಕೆಂಬುದು ಬಸುರಿ ಹೆಣ್ಣುಮಗಳ ಪ್ರಾಣದ ಪ್ರಶ್ನೆ.

ಬೇಗ ಹೇಳಿದರೆ ಜೀವ ಉಳಿಯುತ್ತದೆ. ಅಭಿಮಾನಕ್ಕೆ ಕಟ್ಟುಬಿದ್ದು ತಡವಾಗಿ ಹೇಳಿದರೆ ದಾರಿಯಲ್ಲೇ ಹೋಗುತ್ತದೆ. ಇನ್ನು, ತಾನೇ ನೋಡಬಹುದಾದ ರೋಗಿಯನ್ನು "ನಮಗೇಕೆ ಈ ತಲೆನೋವು" ಎಂದು ಸಾಗಹಾಕಿದರೆ ಅದು ಪಿಲಾತನ ಕೈ ತೊಳೆತ. ಹೊರಗಿನಿಂದ ನೋಡಿದರೆ ಈ ಮೂರೂ ಒಂದೇ ತರಹದ ಚೀಟಿ. ಒಳಗಿನ ವ್ಯತ್ಯಾಸ ಬರೆದವರ ಮನಸ್ಸಾಕ್ಷಿಗೆ ಮಾತ್ರ ಗೊತ್ತು. ಯಾವುದು ತನ್ನಿಂದ ಸಾಧ್ಯ, ಯಾವುದು ಸಾಧ್ಯವಿಲ್ಲ ಎಂಬುದನ್ನು ಸರಿಯಾದ ಗಳಿಗೆಯಲ್ಲಿ ಗುರುತಿಸುವ ಗುಣಕ್ಕೆ ನಮ್ಮ ಹಿರಿಯರು ವಿವೇಕ ಎಂದು ಹೆಸರಿಟ್ಟರು. ಉಳಿದ ಸದ್ಗುಣಗಳಿಗೆ ದಾರಿ ತೋರಿಸುವುದು ವಿವೇಕವೇ ಎಂದು ಸಂತ ತೋಮಸರು ಕಲಿಸಿದರು.

ನಮ್ಮ ನಾಡಿನ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಆ ತಾಯಿ ಶಾಲೆಗೆ ಹೋದವರಲ್ಲ. ಅಜ್ಜಿಯಿಂದ ಕೆಲಸ ಕಲಿತರು. ಆಸ್ಪತ್ರೆಯ ಸೌಕರ್ಯವಿಲ್ಲದ ಬರದ ನಾಡಿನಲ್ಲಿ ಸುಮಾರು 15,000 ಹೆರಿಗೆಗಳನ್ನು ಮಾಡಿಸಿದರು. ಕೈ ಚಾಚಿ ಹಣ ಕೇಳಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, ನಾವೆಲ್ಲ ಕ್ರಿಸ್ತ ಜಯಂತಿ ಆಚರಿಸುತ್ತಿದ್ದ ದಿನ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರಲ್ಲಿ ಕರುಣೆ ಇತ್ತು ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಕರುಣೆಯೊಂದರಿಂದಲೇ ಯಾರೂ ಹದಿನೈದು ಸಾವಿರ ಹೆರಿಗೆ ಮಾಡಿಸಲಾರರು. ಅವರ ಬೆರಳುಗಳಿಗೆ ಕೆಲಸ ಗೊತ್ತಿತ್ತು.

ಕೌಶಲ ಸಾಕೇ?

ಹಾಗಾದರೆ ಕೌಶಲವಿದ್ದರೆ ಸಾಕೇ? ಗುಣಪಡಿಸುವುದೇ ಕೆಲಸವಾದರೆ, ಗುಣವಾಗದ ರೋಗಿಯ ಬಳಿ ಕೌಶಲಕ್ಕೆ ಏನು ಕೆಲಸ?

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಮೇಲೆ ಹಲ್ಲೆ ನಡೆಸಿ ಕುತ್ತಿಗೆಗೆ ಸರಪಳಿ ಬಿಗಿದ. ಮಿದುಳಿಗೆ ಆದ ಪೆಟ್ಟಿನಿಂದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಆ ಆಸ್ಪತ್ರೆಯ ನರ್ಸ್‌ಗಳೇ ಅವರನ್ನು ನೋಡಿಕೊಂಡರು. ತಿನ್ನಿಸಿದರು, ಮೈ ಒರೆಸಿದರು, ಹಾಸಿಗೆ ಹುಣ್ಣು ಆಗದಂತೆ ಮಗ್ಗುಲು ಬದಲಿಸಿದರು. ಅವರಿಗೆ ದಯಾಮರಣ ಕೋರಿದ್ದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಆ ತೀರ್ಪಿನಲ್ಲಿ ನರ್ಸ್‌ಗಳ ಆರೈಕೆಯನ್ನು ಮನಸಾರೆ ಮೆಚ್ಚಿತು. ಕಠಿಣ ಷರತ್ತುಗಳ ಮೇಲೆ ನಿಷ್ಕ್ರಿಯ ದಯಾಮರಣಕ್ಕೆ ದಾರಿ ತೆರೆದದ್ದೂ ಅದೇ ತೀರ್ಪು. ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ಇಂದು ನರ್ಸ್‌ಗಳ ಕಡೆಗೆ ನೋಡೋಣ.

42 ವರ್ಷಗಳಲ್ಲಿ ಎಷ್ಟು ತಲೆಮಾರಿನ ನರ್ಸ್‌ಗಳು ಬಂದು ಹೋಗಿರಬೇಕು! ಅರುಣಾ ಅವರ ಜೊತೆ ಕೆಲಸ ಮಾಡಿದ ಗೆಳತಿಯರು ನಿವೃತ್ತರಾದರು. ಆಮೇಲೆ ಬಂದವರು ಅವರ ದನಿಯನ್ನು ಕೇಳಿದವರಲ್ಲ. ಅವರು ಮಾಡಿದ ಸೇವೆಗೆ ಗುಣವಾಗುವ ಭರವಸೆಯ ಸಂಬಳ ಇರಲಿಲ್ಲ, "ಥ್ಯಾಂಕ್ಸ್ ಸಿಸ್ಟರ್" ಎಂಬ ಮಾತೂ ಇರಲಿಲ್ಲ. ಇಷ್ಟು ವರ್ಷ ಯಾವ ಭಾವನೆ ತಾನೇ ಉಳಿದೀತು? ಕಣ್ಣೀರು ಮೊದಲ ವಾರಕ್ಕೆ ಸಾಕು. 42 ವರ್ಷಕ್ಕೆ ಬೇಕಾದದ್ದು ನಿಷ್ಠೆ. ಮನಸ್ಸು ಬರಲಿ ಬರದಿರಲಿ, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವ ನಿಷ್ಠೆ.

ಇಲ್ಲಿ ನನಗೆ ಗುರುಮಠದ ತತ್ವಶಾಸ್ತ್ರದ ತರಗತಿಯ ಪಾಠ ನೆನಪಾಗುತ್ತದೆ. ಅರಿಸ್ಟಾಟಲ್ ಹೇಳುವಂತೆ ಸದ್ಗುಣ ಎಂಬುದು ಹುಟ್ಟಿನಿಂದ ಬಂದ ಸ್ವಭಾವವಲ್ಲ, ಬಂದುಹೋಗುವ ಭಾವನೆಯೂ ಅಲ್ಲ. ಮಾಡಿ ಮಾಡಿ ಕೈಗೆ, ಮನಸ್ಸಿಗೆ ಮೈಗೂಡಿದ ರೂಢಿ. ವೀಣೆ ನುಡಿಸಿ ನುಡಿಸಿಯೇ ವೈಣಿಕನಾಗುವಂತೆ, ದಯೆಯ ಕೆಲಸ ಮಾಡಿ ಮಾಡಿಯೇ ದಯಾಳುವಾಗುವುದು. ಇದು ನಿಜವಾದರೆ, ಆ ತಾಯಿಯ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಾಗುತ್ತದೆ. ಹದಿನೆಂಟು ವರ್ಷದ ಹುಡುಗಿಯಲ್ಲಿ ಈ ಗುಣಗಳು ಸಿದ್ಧವಾಗಿ ಇವೆಯೇ ಎಂದು ನೋಡುವುದಲ್ಲ. ಅವಳು ಕಲಿಯಲು ಸಿದ್ಧಳೇ? ತಪ್ಪಿದಾಗ ತಿದ್ದಿಕೊಳ್ಳುತ್ತಾಳೆಯೇ? ಅಳು ಬಂದಾಗ ಕಣ್ಣೊರೆಸಿಕೊಂಡು ಮುಂದಿನ ಕೆಲಸ ಮಾಡುತ್ತಾಳೆಯೇ? ಇಷ್ಟನ್ನು ನೋಡಿದರೆ ಸಾಕು.

ರೋಗಿಗಳ ಪಾಲಕರಾದ ಸಂತ ಕಮಿಲ್ಲಸರೂ ಹುಟ್ಟು ಕರುಣಾಮಯಿ ಆಗಿರಲಿಲ್ಲ. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಅವರು ಸಿಪಾಯಿ, ಜೂಜುಕೋರ, ಮುಂಗೋಪಿ. ಕಾಲಿನ ವಾಸಿಯಾಗದ ಹುಣ್ಣಿನಿಂದ ರೋಮ್‌ನ ಆಸ್ಪತ್ರೆಗೆ ಸೇರಿದಾಗ ಅಲ್ಲಿ ರೋಗಿಗಳನ್ನು ಆಳುಗಳು ಕಡೆಗಣಿಸುವುದನ್ನು ಕಂಡರು. ಆಮೇಲೆ ತಾವೇ ಸೇವೆಗೆ ನಿಂತರು, ಜೊತೆಗಾರರನ್ನು ಸೇರಿಸಿ ಸಭೆಯೊಂದನ್ನು ಕಟ್ಟಿದರು. ಮುಂಗೋಪಿ ಮನುಷ್ಯ ತಾಯಿಯಂತೆ ಆರೈಕೆ ಮಾಡುವುದನ್ನು ಕಲಿತದ್ದು ಆರೈಕೆ ಮಾಡುತ್ತಲೇ.

ನನ್ನದೊಂದು ತಪ್ಪು

ಇನ್ನು ಸತ್ಯದ ವಿಚಾರ. ಇಲ್ಲಿ ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಾನು ತಪ್ಪೊಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಚನ್ನಗಿರಿ ಕಡೆಯ ಒಬ್ಬ ಹಿರಿಯರು, ಅಡಿಕೆ ತೋಟದಲ್ಲೇ ಬದುಕು ಸವೆಸಿದವರು, ನಗರದ ಆಸ್ಪತ್ರೆಯೊಂದರಲ್ಲಿ ಮಲಗಿದ್ದರು. ಕಾಯಿಲೆ ಕೈಮೀರಿತ್ತು. ನಾನು ರೋಗಿಗಳ ಅಭ್ಯಂಗ ಸಂಸ್ಕಾರ ಕೊಡಲು ಹೋದಾಗ ಮಗ ನನ್ನನ್ನು ಬಾಗಿಲಲ್ಲೇ ತಡೆದ. "ಫಾದರ್, ಅಪ್ಪಾಜಿಗೆ ಏನೂ ಹೇಳಿಲ್ಲ. ನೀವೂ ಹೇಳಬೇಡಿ. ಧೈರ್ಯ ಕುಂದುತ್ತೆ." ನಾನು ತಲೆಯಾಡಿಸಿದೆ.

ಸಂಸ್ಕಾರ ಮುಗಿದ ಮೇಲೆ ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು: "ಫಾದರ್, ಈ ಸಲದ ಕೊಯ್ಲಿಗೆ ನಾನು ಇರ್ತೀನಾ?"

"ಇರದೆ ಏನು? ದೇವರಿದ್ದಾನೆ, ತೋಟಕ್ಕೆ ನಾನೂ ಬರುತ್ತೇನೆ" ಎಂದೆ. ಅವರು ನನ್ನ ಮುಖ ನೋಡಿದರು. ಕೈ ಬಿಟ್ಟರು. ಗೋಡೆಯ ಕಡೆ ತಿರುಗಿಕೊಂಡರು.

ಮುಂದಿನದು ನನಗೆ ತಿಳಿದದ್ದು ಅವರ ಅಂತ್ಯಕ್ರಿಯೆಯ ದಿನ, ನ್ಯಾಮತಿಯಿಂದ ಬಂದಿದ್ದ ಅವರ ತಮ್ಮನಿಂದ. ಅಂದು ರಾತ್ರಿ ಪಾಳಿಯಲ್ಲಿದ್ದ ನರ್ಸ್‌ಗೂ ಅವರು ಅದೇ ಪ್ರಶ್ನೆ ಕೇಳಿದ್ದರಂತೆ. ಆಕೆ ಹೇಳಿದ್ದು ಇಷ್ಟು: "ಅಜ್ಜಾ, ಅದನ್ನ ನಾನು ಹೇಳೋಕಾಗಲ್ಲ, ಡಾಕ್ಟ್ರೇ ಹೇಳಬೇಕು. ಬೆಳಿಗ್ಗೆ ರೌಂಡ್ಸಿಗೆ ಬಂದಾಗ ನೀವು ಕೇಳಿದ್ರಿ ಅಂತ ನಾನೇ ಹೇಳ್ತೀನಿ. ಅಷ್ಟರಲ್ಲಿ ಯಾರನ್ನಾದ್ರೂ ನೋಡ್ಬೇಕು ಅನ್ನಿಸಿದ್ರೆ ಹೇಳಿ, ಫೋನ್ ಮಾಡಿಸ್ತೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮನ ಹೆಸರು ಹೇಳಿದರು. ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದರು. ಬೆಳಗಾಗುವುದರೊಳಗೆ ತಮ್ಮ ಬಂದ. ಇಬ್ಬರೂ ಅತ್ತರು. ಮೂರನೆಯ ದಿನ ಅಣ್ಣ ಕಣ್ಮುಚ್ಚಿದರು.

ವಾಚಕರೇ, ದೇವರ ಕ್ಷಮೆಯನ್ನು ಸಾರಬೇಕಾದ ಗುರು ನಾನು. ಒಂದು ಸುಳ್ಳು ಹೇಳಿ ಆ ಮನುಷ್ಯನ ಬಾಯಿ ಮುಚ್ಚಿಸಿ ಬಂದೆ. ಆ ಹೆಣ್ಣುಮಗಳು ಕ್ರೈಸ್ತಳಲ್ಲ, ಪಾಪನಿವೇದನೆ ಕೇಳುವವಳೂ ಅಲ್ಲ. ಆದರೆ ರಾಜಿಯ ಬಾಗಿಲನ್ನು ತೆರೆದವಳು ಆಕೆ. ಅವಳು ಏನು ಮಾಡಿದಳೆಂದು ಗಮನಿಸಿ. ಸುಳ್ಳಾಡಲಿಲ್ಲ. ತನ್ನ ಅಧಿಕಾರ ಮೀರಿ ರೋಗದ ವಿಷಯವನ್ನೂ ಒದರಲಿಲ್ಲ. ಹೇಳಬೇಕಾದವರ ಬಳಿಗೆ ಪ್ರಶ್ನೆಯನ್ನು ಒಯ್ಯುವ ಹೊಣೆ ಹೊತ್ತಳು. ಪ್ರಶ್ನೆಯ ಹಿಂದೆ ಇದ್ದ ಇನ್ನೊಂದು ಪ್ರಶ್ನೆಯನ್ನು ಕೇಳಿಸಿಕೊಂಡಳು. ಸತ್ಯಸಂಧತೆ, ತನ್ನ ಎಲ್ಲೆಯ ಅರಿವು, ಕಿವಿಗೊಡುವ ತಾಳ್ಮೆ, ಇವೆಲ್ಲ ನಾಲ್ಕು ಮಾತಿನಲ್ಲಿ ಇದ್ದವು. ಸುಳ್ಳಿನ ಧೈರ್ಯಕ್ಕಿಂತ ಸತ್ಯದ ಜೊತೆ ದೊಡ್ಡದು ಎಂಬುದನ್ನು ಅವಳಿಂದ ಕಲಿತೆ.

ಸತ್ಯದ ಇನ್ನೊಂದು ಮಗ್ಗುಲು ಗುಟ್ಟು ಕಾಯುವುದು. ಹಳ್ಳಿಯ ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಕ್ಷಯದ ಮಾತ್ರೆ ನಡೆಯುತ್ತಿದೆ, ಯಾವ ಸೊಸೆಗೆ ಗರ್ಭ ನಿಲ್ಲುತ್ತಿಲ್ಲ, ಯಾರ ರಕ್ತ ಪರೀಕ್ಷೆಯಲ್ಲಿ ಏನು ಬಂತು ಎಂಬುದೆಲ್ಲ ಗೊತ್ತು. ಆಕೆ ಅದೇ ಊರಿನವಳು. ಅದೇ ನಲ್ಲಿಯಲ್ಲಿ ನೀರು ಹಿಡಿಯುವವಳು. ಒಂದು ಮಾತು ಬಾಯಿಂದ ಜಾರಿದರೆ ಒಂದು ಹೆಣ್ಣಿನ ಬಾಳು ಹಾಳು. ಪಾಪನಿವೇದನೆಯ ಗುಟ್ಟನ್ನು ಕಾಯಲು ನಮಗೆ ಧರ್ಮಸಭೆಯ ಕಟ್ಟಳೆ ಇದೆ, ಪೀಠದ ಮರೆ ಇದೆ. ಆ ತಾಯಿಗೆ ತನ್ನ ಮನಸ್ಸಾಕ್ಷಿಯೇ ಮರೆ.

ಛತ್ರದವನ ಕೂಲಿ

ದಯಾಳು ಸಮಾರಿಯದವನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿಲ್ಲ! ಗಾಯಗೊಂಡವನ ಪಕ್ಕದಿಂದ ಹಾದುಹೋದ ಇಬ್ಬರ ಬಗ್ಗೆ ಪ್ರಬೋಧನೆ ಮಾಡುತ್ತೇವೆ, ನಿಂತ ಸಮಾರಿಯದವನ ಬಗ್ಗೆ ಮಾಡುತ್ತೇವೆ. ಛತ್ರದವನ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಮಾರಿಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಅದು ಪ್ರಥಮ ಚಿಕಿತ್ಸೆ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದ. ಅದು ಆಂಬುಲೆನ್ಸ್. ಮಾರನೆಯ ದಿನ ಹೊರಟುಹೋದ. ಅವನು ಹೋದ ಮೇಲೆ ಗಾಯ ಒರೆಸಿದವನು, ಗಂಜಿ ಕುಡಿಸಿದವನು, ರಾತ್ರಿ ನರಳಿದಾಗ ಎದ್ದು ಬಂದವನು ಯಾರು? ಆ ಛತ್ರದವನು. ಅವನೇ ನಮ್ಮ ಕಾಲದ ಆರೋಗ್ಯ ಕಾರ್ಯಕರ್ತ.

ಅವನಿಗೆ ಸಮಾರಿಯದವನು "ಸೇವೆ ಮಾಡು, ಸ್ವರ್ಗ ಸಿಗುತ್ತದೆ" ಎನ್ನಲಿಲ್ಲ. ಎರಡು ನಾಣ್ಯಗಳನ್ನು ಎಣಿಸಿ ಕೈಯಲ್ಲಿಟ್ಟ. ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಮಾತು ಕೊಟ್ಟ. ಕರುಣೆಯ ಈ ದೊಡ್ಡ ಕತೆಯಲ್ಲಿ ನ್ಯಾಯವಾದ ಕೂಲಿಯ ಲೆಕ್ಕವೂ ಇದೆ.

ನಾವಾದರೋ ನರ್ಸ್‌ಗಳನ್ನು ದೇವತೆ ಎನ್ನುತ್ತೇವೆ. ದೇವತೆಗೆ ಹಸಿವಿಲ್ಲ, ಮನೆ ಬಾಡಿಗೆಯಿಲ್ಲ, ಸೊಂಟ ನೋವಿಲ್ಲ. ದೇವತೆ ಎಂದು ಕರೆಯುವುದರಲ್ಲಿ ಈ ಅನುಕೂಲ ಇದೆ! 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು ಸಾವಿರ ಜನರಿಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯರು ಬಂದರು. 2020ರಲ್ಲಿ ಕೊರೊನಾ ಬಂದಾಗ ನಾವು ಬಾಗಿಲು ಹಾಕಿಕೊಂಡು ಒಳಗಿದ್ದೆವು. ಅವರು ಬಾಗಿಲು ಬಡಿಯುತ್ತ ಮನೆಮನೆಗೆ ಹೋದರು. ಕೆಲವೆಡೆ ಬೈಗುಳ ತಿಂದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಪ್ರಶಸ್ತಿ ನೀಡಿ ಗೌರವಿಸಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಯಿತು. ಪ್ರಶಸ್ತಿಗೂ ಧರಣಿಗೂ ನಡುವೆ ಮೂರು ವರ್ಷವೂ ಇಲ್ಲ.

ನರಸಮ್ಮನವರು ಹಣ ಕೇಳಲಿಲ್ಲ, ನಿಜ. ಅದು ಅವರ ದೊಡ್ಡತನ. ಒಬ್ಬರು ಸ್ವಂತ ಮನಸ್ಸಿನಿಂದ ಕೊಟ್ಟ ಕಾಣಿಕೆಯನ್ನು ಇತರರ ಮೇಲೆ ತೆರಿಗೆಯಾಗಿ ಹೇರಬಾರದು. ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲೇ ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಬೋಧಿಸಿದರು. ಈ ಬೋಧನೆ ಸರ್ಕಾರಕ್ಕೆ ಮಾತ್ರವಲ್ಲ. ಶಿಲುಬೆಯನ್ನು ಗೋಡೆಗೆ ತೂಗುಹಾಕಿರುವ ನಮ್ಮ ಆಸ್ಪತ್ರೆಗಳಿಗೂ, ಮನೆಯಲ್ಲಿ ಮುದುಕರನ್ನು ನೋಡಿಕೊಳ್ಳಲು ಹುಡುಗಿಯೊಬ್ಬಳನ್ನು ಇಟ್ಟುಕೊಂಡಿರುವ ನಮಗೂ ಸಲ್ಲುತ್ತದೆ. ಎರಡು ಪಾಳಿ ಒಟ್ಟಿಗೆ ದುಡಿದು ನಿದ್ದೆಗೆಟ್ಟ ನರ್ಸ್‌ನಿಂದ ಔಷಧಿ ತಪ್ಪಾದರೆ ಆ ತಪ್ಪು ಅವಳೊಬ್ಬಳದೇ ಅಲ್ಲ. ಗುಣಗಳನ್ನು ಬಯಸುವವರು ಆ ಗುಣಗಳು ಉಳಿಯುವಂಥ ಸ್ಥಿತಿಯನ್ನೂ ಒದಗಿಸಬೇಕು.

ನಮ್ಮ ಪಾಲು

ಹಾಗಾದರೆ ಕರುಣೆ ದೊಡ್ಡದೋ, ಕೌಶಲ ದೊಡ್ಡದೋ? ಈ ಪ್ರಶ್ನೆಯನ್ನೇ ನಾವು ತಪ್ಪಾಗಿ ಕೇಳಿದೆವೆಂದು ಈಗ ನನಗೆ ತೋರುತ್ತದೆ. ಕೌಶಲವಿಲ್ಲದ ಕರುಣೆ ವಿಯೆನ್ನಾದ ತೊಳೆಯದ ಕೈ. ಕರುಣೆಯಿಲ್ಲದ ಕೌಶಲ ಪಿಲಾತನ ತೊಳೆದ ಕೈ. ರೋಗಿಗೆ ಬೇಕಾದದ್ದು ತೊಳೆದು, ಮತ್ತೆ ಅವನ ಕಡೆಗೇ ಚಾಚುವ ಕೈ.

ಅಂಥ ಕೈಗಳು ಬೇಕೆಂದರೆ ನಮ್ಮ ಪಾಲಿನದೂ ಇದೆ. ಮುಂದಿನ ಸಲ ತಾಲ್ಲೂಕು ಆಸ್ಪತ್ರೆಗೆ ಹೋದಾಗ "ಸೂಜಿ ಹಾಕಿ" ಎಂದು ಒತ್ತಾಯಿಸಬೇಡಿ. ಏಕೆ ಬೇಡ ಎಂದು ಕೇಳಿ ತಿಳಿದುಕೊಳ್ಳಿ. ದಾವಣಗೆರೆಗೆ ಹೋಗಿ ಎಂದಾಗ, ನೆಂಟರನ್ನೆಲ್ಲ ಕೇಳುತ್ತ ಹೊತ್ತು ಕಳೆಯಬೇಡಿ. ಸಾಲಿನಲ್ಲಿ ಕಾದದ್ದಕ್ಕೆ ಸಿಸ್ಟರ್ ಮೇಲೆ ಕೂಗಾಡಬೇಡಿ. ಆಶಾ ಕಾರ್ಯಕರ್ತೆ ಬಿಸಿಲಲ್ಲಿ ಬಂದರೆ ಜಗುಲಿಯಲ್ಲಿ ಕೂರಿಸಿ ಒಂದು ಲೋಟ ನೀರು ಕೊಡಿ. ನೀರು ಕೊಡುವ ಮೊದಲು ಅವಳ ಜಾತಿ ಕೇಳಬೇಡಿ. ಮನೆಯ ಹಿರಿಯರು ಸಾವಿನ ಬಗ್ಗೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ನನ್ನಿಂದ ಆದ ತಪ್ಪು ನಿಮ್ಮಿಂದ ಆಗದಿರಲಿ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ನಮ್ಮ ಎಲ್ಲ ತಾಲ್ಲೂಕುಗಳಿಂದ ಜನ ಹೋಗುತ್ತಾರೆ. ಗುಣವಾಗಲಿ ಎಂದು ಹರಕೆ ಹೊರುತ್ತಾರೆ. ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನು ಗೌರವಿಸಿ, ಅವನನ್ನೂ ದೇವರೇ ಸೃಷ್ಟಿಸಿದ್ದಾನೆ ಎಂದು ಕಲಿಸುತ್ತದೆ. ಆದ್ದರಿಂದ ಮೇಣದ ಬತ್ತಿ ಹಚ್ಚುವಾಗ ನಮ್ಮ ಕಾಯಿಲೆಗಳ ಜೊತೆಗೆ ನಮ್ಮನ್ನು ನೋಡಿಕೊಳ್ಳುವವರನ್ನೂ ಮಾತೆಯ ಪಾದದಲ್ಲಿ ಇಡೋಣ.

ಆ ತಾಯಿಯ ಮನೆಗೆ ಮುಂದಿನ ವಾರವೇ ನಾನು ಹೋದೆ. ನನ್ನ ಮಾತನ್ನು ತಿದ್ದಿಕೊಳ್ಳಬೇಕಿತ್ತು. ಮಗಳು ಹಟ್ಟಿಯ ಬಾಗಿಲಲ್ಲಿ ಕುಳಿತು, ಕಾಲಿಗೆ ಗಾಯವಾಗಿದ್ದ ಮೇಕೆಗೆ ಅರಿಶಿನದ ಪಟ್ಟಿ ಕಟ್ಟುತ್ತಿದ್ದಳು. ಕಣ್ಣು ತೇವವಾಗಿತ್ತು. ಪಟ್ಟಿ ಮಾತ್ರ ಬಿಗಿಯಾಗಿ, ನೆಟ್ಟಗೆ ಬಿದ್ದಿತ್ತು.

"ಅಮ್ಮಾ, ಅಂದು ಪ್ರೀತಿ ಇದ್ದರೆ ಸಾಕು ಅಂದಿದ್ದೆ, ಅದು ಅರ್ಧ ಮಾತು" ಎಂದೆ. "ಕಲಿಯುವುದು ಬಹಳ ಇದೆ. ಕಷ್ಟಪಟ್ಟು ಕಲಿಯಬೇಕು. ಅಳು ಬಂದರೆ ಅಳಲಿ, ಅದು ದೋಷವಲ್ಲ. ಕಳಿಸಿ."

ಹುಡುಗಿ ಎದ್ದು ಬಂದಳು. "ಬನ್ನಿ ಫಾದರ್, ಕೂತ್ಕೊಳ್ಳಿ" ಎಂದವಳು, ಹತ್ತಿರ ಬರುವ ಮೊದಲು ತೊಟ್ಟಿಯ ಬಳಿ ಹೋಗಿ ಕೈ ತೊಳೆದುಕೊಂಡಳು.